ಗುಜರಿಗೆ ಹಾಕುವ ಮುಂಚೆ ಕಂಪ್ಯೂಟರಿನ ಬೆನ್ನು ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದರು. ಆಮೇಲಿಂದ ನಮ್ಮ ಹನುಮಂತನಗರದ ಗುಜರಿ ಅಂಗಡಿಗಳ ಮುಂದೆ ಹಳೇ ಕಂಪ್ಯೂಟರ್‌ಗಳು ಜಾಸ್ತಿ ಕಾಣುತ್ತಿವೆ. ಆಡಿಟರ್ ಆಫೀಸಿನವು, ಟ್ಯೂಷನ್ ಸೆಂಟರಿನವು, ಝೆರಾಕ್ಸ್ ಅಂಗಡಿಯವು. ತಂದವರು ತೂಕಕ್ಕೆ ಹಾಕಿ ಹೋಗುತ್ತಾರೆ. ನಾನು ತರಕಾರಿ ಚೀಲ ಹಿಡಿದುಕೊಂಡೇ ಬಗ್ಗಿ ಅವುಗಳ ಹಿಂಭಾಗ ನೋಡುತ್ತೇನೆ. ಅಂಗಡಿಯವನಿಗೆ ಅಭ್ಯಾಸವಾಗಿದೆ. "ಏನ್ ಹುಡುಕ್ತೀರಾ ಮೇಡಂ" ಎಂದು ಕೇಳುವುದನ್ನೂ ಬಿಟ್ಟಿದ್ದಾನೆ.

ನಾನು ಹುಡುಕುವುದು ಪ್ರಿಂಟರ್ ಪೋರ್ಟನ್ನು. ಗುಲಾಬಿ ಬಣ್ಣದ ಅಗಲವಾದ ಸಾಕೆಟ್ಟು. ಎರಡು ಸಾಲಿನಲ್ಲಿ 25 ತೂತು. ಯುಎಸ್‌ಬಿ ಬಂದ ಮೇಲೆ ಪ್ರಿಂಟರಿಗೆ ಅದು ಬೇಡವಾಯಿತು. ಈಗಿನ ಹುಡುಗರಲ್ಲಿ ಬಹಳ ಜನ ಅದನ್ನು ಕಂಡೇ ಇಲ್ಲ. ಆದರೆ ಮನೆಯ ಕಂಪ್ಯೂಟರಿನಲ್ಲಿ ಬರೆದ ಒಂದು ಸಂಖ್ಯೆ ನೇರವಾಗಿ ತಂತಿಯಲ್ಲಿ ವಿದ್ಯುತ್ತಾಗಿ ಹೊರಗೆ ಬರುವುದನ್ನು ಮಗುವಿಗೆ ತೋರಿಸಬೇಕೆಂದರೆ, ಅದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ನಿಮ್ಮ ಓದುಗರ ಮನೆಯಲ್ಲಿ, ಶಾಲೆಯಲ್ಲಿ, ಆಫೀಸಿನಲ್ಲಿ ಅಂಥ ಕಂಪ್ಯೂಟರ್ ಇದ್ದರೆ ದಯವಿಟ್ಟು ಒಂದನ್ನಾದರೂ ಉಳಿಸಿಕೊಳ್ಳಿ.

ನಾನು ನಗರದ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದವಳು. ಪಾಠ ಮಾಡುವವರು ಬೇರೆ. ನನ್ನದು ವೈರು, ಕಿಟ್ಟು, ಸೋಲ್ಡರಿಂಗ್ ಐರನ್ನು, ಕೆಟ್ಟ ಐಸಿಗಳ (ಕಪ್ಪು ಚಿಪ್ಪುಗಳ) ಡಬ್ಬಿ. ಸರ್‌ಗಳು ಬೋರ್ಡಿನ ಮೇಲೆ ಬರೆದದ್ದು ನಿಜಕ್ಕೂ ಆಗುತ್ತದಾ ಎಂದು ಹುಡುಗರು ನೋಡುತ್ತಿದ್ದದ್ದು ನನ್ನ ಕೋಣೆಯಲ್ಲಿ.

ಮೊದಲು ವಿಷಯ ಹೇಳಿಬಿಡುತ್ತೇನೆ. ಪ್ರಿಂಟರ್ ಪೋರ್ಟಿಗೆ ಒಂದು ವಿಳಾಸ ಇರುತ್ತದೆ. ಸಾಮಾನ್ಯವಾಗಿ 888. ಎಂಜಿನಿಯರುಗಳು ಹದಿನಾರರ ಲೆಕ್ಕದಲ್ಲಿ 378 ಎಂದು ಬರೆಯುತ್ತಾರೆ, ಎರಡೂ ಒಂದೇ. ಆ ವಿಳಾಸಕ್ಕೆ 0ಯಿಂದ 255ರವರೆಗೆ ಯಾವ ಸಂಖ್ಯೆ ಬೇಕಾದರೂ ಕಳಿಸಬಹುದು. ಕಳಿಸಿದ್ದು ಎಂಟು ಬಿಟ್ಟುಗಳಾಗಿ, ಅಂದರೆ ಎಂಟು ಸೊನ್ನೆ ಒಂದುಗಳಾಗಿ ಒಡೆದು 2ನೇ ಪಿನ್ನಿನಿಂದ 9ನೇ ಪಿನ್ನಿನವರೆಗೆ ಎಂಟು ತಂತಿಗಳಲ್ಲಿ ನಿಲ್ಲುತ್ತದೆ. ಬಿಟ್ಟು 1 ಆದರೆ ತಂತಿಯಲ್ಲಿ ಸುಮಾರು 5 ವೋಲ್ಟು, ಕೆಲವು ಹೊಸ ಬೋರ್ಡುಗಳಲ್ಲಿ 3.3ರ ಹತ್ತಿರ. ಬಿಟ್ಟು 0 ಆದರೆ ಏನೂ ಇಲ್ಲ. 18ರಿಂದ 25ರವರೆಗಿನ ಪಿನ್ನುಗಳೆಲ್ಲ ಗ್ರೌಂಡು, ಅಂದರೆ ಸೊನ್ನೆ ವೋಲ್ಟು. 2ನೇ ಪಿನ್ನಿಗೆ 1ಕೆ ರೆಸಿಸ್ಟರು, ಅದಕ್ಕೆ ಒಂದು ಎಲ್‌ಇಡಿ, ಅದರ ಇನ್ನೊಂದು ಕಾಲು 25ನೇ ಪಿನ್ನಿಗೆ. ಬೇಸಿಕ್ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ "ಔಟ್ 888, 1" ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ದೀಪ ಹತ್ತುತ್ತದೆ. "ಔಟ್ 888, 0" ಎಂದರೆ ಆರುತ್ತದೆ. ಇಷ್ಟೇ.

ಇಷ್ಟೇ ಎಂದೆ. ಆದರೆ ಮೊದಲ ಸಲ ಮಾಡಿದ ಹುಡುಗ ಹುಡುಗಿಯರ ಮುಖ ನೀವು ನೋಡಬೇಕಿತ್ತು. ಅಷ್ಟು ಹೊತ್ತು ಕೀಬೋರ್ಡು ಮತ್ತು ಪರದೆ ಮಾತ್ರ ಕಂಪ್ಯೂಟರು. ಈಗ ಪೆಟ್ಟಿಗೆಯ ಹಿಂದೆ, ಮೇಜಿನ ಮೇಲೆ, ತಾವೇ ಸಿಕ್ಕಿಸಿದ ದೀಪ ತಮ್ಮ ಮಾತು ಕೇಳುತ್ತಿದೆ. ಒಬ್ಬ ಹುಡುಗ ಪ್ರೋಗ್ರಾಮಿನಿಂದ ಹೊರಗೆ ಬಂದ. ದೀಪ ಹತ್ತಿಕೊಂಡೇ ಇತ್ತು. "ಪ್ರೋಗ್ರಾಮ್ ಮುಗೀತಲ್ಲ ಮೇಡಂ, ಇದ್ಯಾಕೆ ಆರಲಿಲ್ಲ?" ಎಂದ. ಒಳ್ಳೇ ಪ್ರಶ್ನೆ ಅಲ್ವಾ? ಪೋರ್ಟಿನೊಳಗೆ ಒಂದು ಲ್ಯಾಚ್ ಇದೆ. ಕೊನೆಗೆ ಕೊಟ್ಟ ಸಂಖ್ಯೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಗ್ರಾಮು ಇದ್ದರೂ ಅಷ್ಟೆ, ಹೋದರೂ ಅಷ್ಟೆ. 1981ರ ಐಬಿಎಂ ಪಿಸಿಯ ಪ್ರಿಂಟರ್ ಕಾರ್ಡಿನಲ್ಲಿ ಆ ಕೆಲಸಕ್ಕೆ 74ಎಲ್‌ಎಸ್374 ಎಂಬ ಐಸಿ ಇತ್ತು. ಆ ಐಸಿ ನನ್ನ ಡಬ್ಬಿಯಲ್ಲೂ ಇತ್ತು. ತೆಗೆದು ಅವನ ಅಂಗೈ ಮೇಲೆ ಇಟ್ಟೆ.

ಓದುವ ಕಡೆಯದು ಇನ್ನೂ ಮಜಾ. ಪಕ್ಕದ ವಿಳಾಸ 889. ಅಲ್ಲಿಂದ ಐದು ತಂತಿಗಳನ್ನು ಓದಬಹುದು. ಪೇಪರ್ ಮುಗಿದಿದೆ, ಪ್ರಿಂಟರ್ ಬಿಜಿ ಇದೆ ಎಂದು ಪ್ರಿಂಟರು ತಿಳಿಸಲು ಇದ್ದ ತಂತಿಗಳು ಅವು. ಏನೂ ಸಿಕ್ಕಿಸದೆ ಓದಿದರೆ ಹೆಚ್ಚಾಗಿ 127 ಅಥವಾ 120 ಬರುತ್ತದೆ. 127 ಬಂದಿತು ಎಂದಿಟ್ಟುಕೊಳ್ಳಿ. ಈಗ 11ನೇ ಪಿನ್ನಿಗೂ ಗ್ರೌಂಡಿಗೂ ಮಧ್ಯೆ ಒಂದು ಬಟನ್ ಹಾಕಿ ಒತ್ತಿ. ತಂತಿಯನ್ನು ಸೊನ್ನೆಗೆ ಇಳಿಸಿದ್ದೇವೆ, ಸಂಖ್ಯೆ ಕಮ್ಮಿಯಾಗಬೇಕು ಎನ್ನುತ್ತದೆ ಬುದ್ಧಿ. ಪರದೆ ಮೇಲೆ 255 ಬರುತ್ತದೆ! ಆ ಒಂದು ತಂತಿಯನ್ನು ಮಾತ್ರ ಯಂತ್ರದೊಳಗೆ ತಿರುವಿ ಹಾಕಿದ್ದಾರೆ. ಹೊರಗೆ ಸೊನ್ನೆಯಾದರೆ ಒಳಗೆ ಒಂದು. 127ಕ್ಕೆ 128 ಸೇರಿ 255. ಪುಸ್ತಕದಲ್ಲಿ ಆ ಪಿನ್ನಿನ ಹೆಸರಿನ ಮೇಲೆ ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ, ಯಾರೂ ನೋಡುವುದಿಲ್ಲ. ಬಟನ್ ಒತ್ತಿದ ಹುಡುಗಿ ಆ ಗೆರೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಬಟನ್ನಿನದು ಇನ್ನೊಂದು ತಮಾಷೆ ಇದೆ. ಎಷ್ಟು ಸಲ ಒತ್ತಿದೆ ಎಂದು ಎಣಿಸುವ ಪ್ರೋಗ್ರಾಮ್ ಬರೆಯಿರಿ. ಬೇಸಿಕ್ಕಿಗಿಂತ ವೇಗವಾದ ಟರ್ಬೊ ಸಿಯಲ್ಲಿ ಬರೆದರೆ ಒಂದೇ ಸಲ ಒತ್ತಿದ್ದಕ್ಕೆ ನಾಲ್ಕು, ಏಳು ಎಂದು ತೋರಿಸುತ್ತದೆ. ಪ್ರೋಗ್ರಾಮ್ ಸರಿಯಾಗಿಯೇ ಇದೆ. ಬಟನ್ನಿನೊಳಗಿನ ತಗಡು ಕೂರುವಾಗ ಒಂದಷ್ಟು ಮಿಲಿಸೆಕೆಂಡು ಕುಣಿಯುತ್ತದೆ. ಕಂಪ್ಯೂಟರ್ ಅದಕ್ಕಿಂತ ಬಹಳ ವೇಗವಾಗಿ ನೋಡುತ್ತದೆ. ಆದ್ದರಿಂದ ಕುಣಿತವನ್ನೂ ಎಣಿಸುತ್ತದೆ. ಸ್ವಲ್ಪ ಹೊತ್ತು ಕಾದು ಮತ್ತೆ ನೋಡು ಎಂದು ಬರೆದರೆ ಸರಿಹೋಗುತ್ತದೆ.

ಈಗ ನಮ್ಮ ಲ್ಯಾಬುಗಳಿಗೆ ಬರುತ್ತೇನೆ, ಇಲ್ಲಿ ನನಗೆ ಸಿಟ್ಟಿದೆ. ಬಹಳ ಕಡೆ ಕಿಟ್ಟುಗಳನ್ನು ಬೀರುವಿಗೆ ಸೇರಿಸಿ ಸಿಮ್ಯುಲೇಟರ್ ಹಾಕಿಕೊಂಡಿದ್ದಾರೆ. ಪರದೆ ಮೇಲೆ ಮೋಟಾರಿನ ಚಿತ್ರ ತಿರುಗುತ್ತದೆ, ಟ್ರಾಫಿಕ್ ದೀಪದ ಚಿತ್ರ ಹತ್ತುತ್ತದೆ. ಖರ್ಚಿಲ್ಲ, ಏನೂ ಸುಡುವುದಿಲ್ಲ, ಬೇಗ ಮುಗಿಯುತ್ತದೆ. ನಾನಿದ್ದ ಕಡೆಯೂ ಹಾಗೇ ಆಯಿತು. ಸ್ಟೆಪರ್ ಮೋಟಾರ್ ಪ್ರಯೋಗವನ್ನೇ ನೋಡಿ. ನಾಲ್ಕು ಸಂಖ್ಯೆಗಳನ್ನು ಸರದಿಯಲ್ಲಿ ಪೋರ್ಟಿಗೆ ಕಳಿಸಬೇಕು. ಒಂದೊಂದಕ್ಕೂ ಮೋಟಾರು 1.8 ಡಿಗ್ರಿ ತಿರುಗುತ್ತದೆ, 200 ಹೆಜ್ಜೆಗೆ ಒಂದು ಸುತ್ತು. ಎರಡು ಹೆಜ್ಜೆಗಳ ನಡುವೆ ಸಮಯ ಬಿಡಬೇಕು. ಆ ಸಮಯವನ್ನು ಕಡಿಮೆ ಮಾಡುತ್ತಾ ಹೋದರೆ ಸಿಮ್ಯುಲೇಟರಿನ ಮೋಟಾರು ಸುಮ್ನೆ ಇನ್ನೂ ಜೋರಾಗಿ ತಿರುಗುತ್ತದೆ. ನಿಜವಾದದ್ದು ಒಂದು ಹಂತದಲ್ಲಿ ತಿರುಗುವುದನ್ನೇ ಬಿಟ್ಟು ನಿಂತಲ್ಲೇ ಗುಂಯ್ ಎನ್ನುತ್ತದೆ. ಕಬ್ಬಿಣಕ್ಕೆ ತೂಕ ಇದೆಯಲ್ಲ, ಅಷ್ಟು ಬೇಗ ಹೊರಡಲು ಅದಕ್ಕೆ ಆಗುವುದಿಲ್ಲ. ನಿಧಾನಕ್ಕೆ ಶುರು ಮಾಡಿ ಆಮೇಲೆ ವೇಗ ಏರಿಸಬೇಕು ಎಂದು ಮೋಟಾರೇ ಹುಡುಗರಿಗೆ ಕಲಿಸುತ್ತಿತ್ತು. ಪೀಣ್ಯದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಡಿಪ್ಲೊಮಾ ಹುಡುಗನಿಗೆ ಬೇಕಾದದ್ದು ಈ ಗುಂಯ್.

ಪೋರ್ಟಿನ ಕೆಲಸ ಲ್ಯಾಬಿನಿಂದ ಬೀದಿಗೆ ಬಂದದ್ದೂ ಉಂಟು. 1990ರ ದಶಕದ ಕೊನೆಯಲ್ಲಿ ನಮ್ಮ ಹುಡುಗರು ತಮ್ಮ ಬೀದಿಯ ಗಣೇಶನ ಪೆಂಡಾಲಿಗೆ ಒಂದು ಹಳೇ 386 ಕಂಪ್ಯೂಟರ್ ಹೊತ್ತುಕೊಂಡು ಹೋದರು. ಸೀರಿಯಲ್ ಸೆಟ್ಟುಗಳನ್ನು ಒಂದಾದ ಮೇಲೊಂದು ಓಡಿಸಬೇಕು. ಪೋರ್ಟಿನ ತಂತಿ ಕೊಡುವ ಕರೆಂಟು ಕೆಲವೇ ಮಿಲಿಆಂಪಿಯರು. ಅದಕ್ಕೆ ಎಲ್‌ಇಡಿ ಹತ್ತುತ್ತದೆ, ರಿಲೇ (ಕರೆಂಟಿನಿಂದ ಹಾಕಿ ತೆಗೆಯುವ ಸ್ವಿಚ್ಚು) ಎಳೆಯುವುದಿಲ್ಲ. ಮಧ್ಯೆ ಡ್ರೈವರ್ ಐಸಿ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದವರು ಯುಎಲ್‌ಎನ್ 2003 ತಂದರು. ಅದರಲ್ಲಿ ಏಳೇ ದಾರಿ. ಎಂಟು ಬೇಕೆಂದರೆ 2803 ತರಬೇಕಿತ್ತು. ಅಷ್ಟು ಹೊತ್ತಿಗೆ ಅಂಗಡಿ ಬಾಗಿಲು ಹಾಕಿತ್ತು. ಏಳೇ ಸಾಲು ಓಡಿಸಿದರು. 1, 2, 4, 8, 16, 32, 64. ಆಮೇಲೆ ಹಿಂದಕ್ಕೆ. ಆಮೇಲೆ ಎಲ್ಲಾ ಒಟ್ಟಿಗೆ, 127. ಬೀದಿಯ ಅಜ್ಜಿಯೊಬ್ಬರು "ಯಾವ ಡೆಕೊರೇಷನ್‌ನವರನ್ನ ಕರೆಸಿದ್ರಪ್ಪಾ?" ಎಂದು ಕೇಳಿದರಂತೆ.

ಅಲ್ಲೊಂದು ಸ್ವಾರಸ್ಯ. ಕರೆಂಟು ಹೋಗಿ ಬಂದಾಗಲೆಲ್ಲ ಪೆಂಡಾಲಿನ ಎಲ್ಲಾ ದೀಪ ತಾವೇ ಪಕಪಕ ಎನ್ನುತ್ತಿದ್ದವು. ನಮ್ಮ ಪ್ರೋಗ್ರಾಮನ್ನು ಓಡಿಸುವ ಡಾಸ್ ಇನ್ನೂ ಬಂದೇ ಇರುತ್ತಿರಲಿಲ್ಲ. ಕಂಪ್ಯೂಟರ್ ಎದ್ದ ಕೂಡಲೇ ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ಪ್ರೋಗ್ರಾಮು ತನ್ನ ಪಾಡಿಗೆ ಪೋರ್ಟುಗಳಿಗೆ ಏನೇನೋ ಬರೆದು ಓದಿ, ಇದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ರಿಲೇಗೆ ಅದು ಪರೀಕ್ಷೆ ಎಂದು ಗೊತ್ತಾಗುವುದು ಹೇಗೆ? ದೀಪಕ್ಕಾದರೆ ಚಂದ. ಆ ಜಾಗದಲ್ಲಿ ಸಂಪಿನ ಮೋಟಾರ್ ಇದ್ದಿದ್ದರೆ ಕಷ್ಟ. ಅದಕ್ಕೇ ರಿಲೇಯ 12 ವೋಲ್ಟಿಗೆ ಬೇರೆಯೇ ಸ್ವಿಚ್ಚು ಇಡಬೇಕು, ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ಕೈಯಿಂದ ಹಾಕಬೇಕು ಎಂದು ಆಮೇಲಿಂದ ನಮ್ಮ ಲ್ಯಾಬಿನಲ್ಲಿ ನಿಯಮವಾಯಿತು.

ದೀಪ ಬೇಡ, ವೈರ್ ಬೇಡ ಎನ್ನುವವರಿಗೆ ಸ್ಪೀಕರ್ ಇದೆ. ಹಳೇ ಪಿಸಿಯ ಒಳಗಿನ, ಬೀಪ್ ಎನ್ನುವ ಸಣ್ಣ ಸ್ಪೀಕರು. ಅದರ ಹಿಂದೆ ಒಂದು ಟೈಮರ್ ಇದೆ. ಸೆಕೆಂಡಿಗೆ 11,93,180 ಸಲ ಮಿಡಿಯುತ್ತದೆ. ಈ ಸಂಖ್ಯೆಯನ್ನು ಬೇಕಾದ ಸ್ವರದ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಎರಡು ತುಂಡು ಮಾಡಿ ಪೋರ್ಟಿಗೆ ಕೊಡಬೇಕು. ಷಡ್ಜಕ್ಕೆ 240 ಇಟ್ಟುಕೊಳ್ಳೋಣ. ಭಾಗಿಸಿದರೆ 4972. ಅದು 19 ಗುಣಿಸು 256, ಮತ್ತೆ 108. ಆಗ ಬರೆಯಬೇಕಾದದ್ದು: ಔಟ್ 67, 182. ಔಟ್ 66, 108. ಔಟ್ 66, 19. ಕೊನೆಗೆ 97ನೇ ಪೋರ್ಟನ್ನು ಓದಿ, ಅದರ ಕೆಳಗಿನ ಎರಡು ಬಿಟ್ಟುಗಳನ್ನು 1 ಮಾಡಿ ವಾಪಸ್ ಬರೆದರೆ ಷಡ್ಜ ಹಿಡಿಯುತ್ತದೆ. ಪಂಚಮ ಅದರ ಒಂದೂವರೆ ಪಟ್ಟು, 360. ಅದಕ್ಕೆ 3314. ಅಂದರೆ 242 ಮತ್ತು 12. ಸಂಗೀತ ಕಲಿಯುತ್ತಿದ್ದ ಒಬ್ಬಳು ನಮ್ಮ ಲ್ಯಾಬಿನಲ್ಲಿ ಮಾಯಾಮಾಳವಗೌಳದ ಸರಳೆ ವರಸೆಯನ್ನು ಪೂರ್ತಿ ಹೀಗೆ ಕೂರಿಸಿದಳು. ಶಬ್ದ ಕರ್ಕಶವೇ. ಆದರೆ ಶ್ರುತಿ ಸರಿಯಿತ್ತು. ಪಕ್ಕದ ಡ್ರಾಯಿಂಗ್ ಹಾಲಿನವರು ಬಂದು ಜಗಳ ಮಾಡುವವರೆಗೂ ನಡೆಯಿತು.

ಕೀಬೋರ್ಡು ಕೂಡ ಒಂದು ಪೋರ್ಟೇ. 96. ಎ ಒತ್ತಿದರೆ ಅಲ್ಲಿ 30 ಬರುತ್ತದೆ, ಬಿಟ್ಟರೆ 158. ಬಿಟ್ಟದ್ದನ್ನೂ ಕೀಬೋರ್ಡು ಹೇಳುತ್ತದೆ ಎಂದು ಎಷ್ಟು ಜನಕ್ಕೆ ಗೊತ್ತು?

ಇದೆಲ್ಲ ಯಾರೋ ಗುಟ್ಟಾಗಿ ಮಾಡುತ್ತಿದ್ದ ಕೆಲಸ ಅಲ್ಲ. ಮನೆಗೆಂದೇ ಮಾಡಿದ ಆ ಕಾಲದ ಕಂಪ್ಯೂಟರ್‌ಗಳನ್ನು ಹೀಗೆ ಬಳಸಲಿ ಎಂದೇ ಕೊಡುತ್ತಿದ್ದರು. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಅನ್ನು ಆಮೇಲೆ ಪುಣೆಯ ಡೆಸಿಬೆಲ್ಸ್ ಕಂಪನಿ ಇಲ್ಲಿಯೂ ತಂದಿತು. ನಾನು ಮೊದಲು ಕಂಡದ್ದು ಅದನ್ನೇ, ನಮ್ಮಣ್ಣನ ಸ್ನೇಹಿತರ ಮನೆಯಲ್ಲಿ. ಟಿವಿಗೆ ಸಿಕ್ಕಿಸುವ ಕಪ್ಪು ಕೀಬೋರ್ಡು, ಅಷ್ಟೇ ಕಂಪ್ಯೂಟರು. ಅದರಲ್ಲಿ 254ನೇ ಪೋರ್ಟು ಮುಖ್ಯ. ಕೆಳಗಿನ ಮೂರು ಬಿಟ್ಟು ಪರದೆಯ ಅಂಚಿನ ಬಣ್ಣ, ನಾಲ್ಕನೆಯದು ಟೇಪ್ ರೆಕಾರ್ಡರಿಗೆ, ಐದನೆಯದು ಸ್ಪೀಕರಿಗೆ. "ಔಟ್ 254, 2" ಎಂದರೆ ಅಂಚು ಕೆಂಪಾಗುತ್ತಿತ್ತು. ಕ್ಯಾಸೆಟ್ಟಿನಿಂದ ಆಟ ಲೋಡ್ ಮಾಡುವಾಗ ಅಂಚಿನ ತುಂಬಾ ಪಟ್ಟೆಪಟ್ಟೆ ಓಡುತ್ತಿದ್ದದ್ದು ಆ ಕಾಲದವರಿಗೆ ನೆನಪಿರಬಹುದು. ಮೊದಲು ಕೆಂಪು ಮತ್ತು ತಿಳಿನೀಲಿ, ಆಮೇಲೆ ನೀಲಿ ಮತ್ತು ಹಳದಿ. ಅಲಂಕಾರಕ್ಕಲ್ಲ ಅದು. ಟೇಪಿನ ಸದ್ದು ಮೇಲೆ ಕೆಳಗೆ ಆದಾಗಲೆಲ್ಲ ಯಂತ್ರ ಅದೇ ಪೋರ್ಟಿಗೆ ಇನ್ನೊಂದು ಬಣ್ಣ ಬರೆಯುತ್ತಿತ್ತು. ಕ್ಯಾಸೆಟ್ಟಿನಲ್ಲಿದ್ದ ಸೊನ್ನೆ ಒಂದುಗಳೇ ಪಟ್ಟೆಗಳಾಗಿ ಕಾಣುತ್ತಿದ್ದವು. ಪಟ್ಟೆ ನಿಂತರೆ ಲೋಡ್ ಕೆಟ್ಟಿತು ಎಂದು ನಮಗೆ ದೂರದಿಂದಲೇ ಗೊತ್ತಾಗುತ್ತಿತ್ತು.

ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ತಂದ ಕ್ಲಾಸ್ ಯೋಜನೆಯಲ್ಲಿ 1984-85ರಿಂದ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರು. ಅದರ ಹೊಟ್ಟೆಯಡಿ ಯೂಸರ್ ಪೋರ್ಟ್ ಎಂದೇ ಒಂದು ಸಾಕೆಟ್ಟು ಇತ್ತು. ಹೆಸರೇ ಹೇಳುತ್ತದೆ, ನಿಮಗೇ ಇಟ್ಟದ್ದು ಎಂದು. ಅದರ 6502 ಚಿಪ್ಪಿನಲ್ಲಿ ಇನ್, ಔಟ್ ಎಂಬ ಆಜ್ಞೆಗಳಿಲ್ಲ. ಪೋರ್ಟುಗಳು ನೆನಪಿನ ಜಾಗಗಳ ಜೊತೆಯಲ್ಲೇ ಇರುತ್ತವೆ. 65122ಕ್ಕೆ 255 ಬರೆದರೆ ಎಂಟು ತಂತಿಯೂ ಹೊರಮುಖ. ಆಮೇಲೆ 65120ಕ್ಕೆ ಬರೆದದ್ದು ತಂತಿಯಲ್ಲಿ ಬರುತ್ತದೆ. ಯಾವ ತಂತಿ ಒಳಗೆ, ಯಾವುದು ಹೊರಗೆ ಎಂದು ಮೊದಲೇ ಹೇಳಬೇಕಾದ ಈ ಕ್ರಮ ಇವತ್ತಿನ ಆರ್ಡುಯಿನೊ ಎಂಬ ಕಲಿಕೆಯ ಪುಟ್ಟ ಬೋರ್ಡಿನಲ್ಲೂ ಹಾಗೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಬಾಗಿಲು ಮುಚ್ಚಿದವರು ಯಾರು? ವಿಂಡೋಸ್ 95, 98ರವರೆಗೂ ಯಾವ ಪ್ರೋಗ್ರಾಮ್ ಬೇಕಾದರೂ ಪೋರ್ಟು ಮುಟ್ಟಬಹುದಿತ್ತು. ಎನ್‌ಟಿ, ಆಮೇಲೆ 2000, ಎಕ್ಸ್‌ಪಿ ಬಂದ ಮೇಲೆ ಸಾಮಾನ್ಯ ಪ್ರೋಗ್ರಾಮ್ ಔಟ್ ಎಂದರೆ ಪ್ರೊಸೆಸರೇ ತಡೆದು ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ಈಗ ದರ್ಶಿನಿಯಲ್ಲಿ ಟೋಕನ್ ಕೊಟ್ಟು ಕೌಂಟರಿನ ಈಚೆ ನಿಲ್ಲುವ ಪರಿಸ್ಥಿತಿ, ಅಡುಗೆಮನೆಗೆ ಹೋಗುವಂತಿಲ್ಲ. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಎರಡು ಪ್ರೋಗ್ರಾಮು ಒಂದೇ ಹಾರ್ಡ್‌ಡಿಸ್ಕಿಗೆ ತಮ್ಮ ತಮ್ಮ ಇಷ್ಟದಂತೆ ಆಜ್ಞೆ ಕೊಟ್ಟರೆ ಎಲ್ಲಾ ಹಾಳು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಆ ಬಾಗಿಲು ಮುಚ್ಚಿರಲೇಬೇಕು. ಆದರೆ ಮಗು ಕಲಿಯುವ ಕಂಪ್ಯೂಟರಿನಲ್ಲೂ ಮುಚ್ಚಿರಬೇಕಾ? ಗುಜರಿಗೆ ಹೋಗಬೇಕಿದ್ದ ಯಂತ್ರದಲ್ಲಿ ಏನು ಹಾಳಾದರೂ ನಷ್ಟ ಯಾರಿಗೆ?

ಬೀಗ ತೆಗೆಯುವುದು ಕಷ್ಟವೂ ಇಲ್ಲ. ಫ್ರೀಡಾಸ್ ಎಂಬ ಡಾಸ್ ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವಿಗೆ ಹಾಕಿ ಹಳೇ ಯಂತ್ರವನ್ನು ಅದರಿಂದ ಎಬ್ಬಿಸಿ. ಹಳೇ ಬಯೋಸ್ ಇರುವ ಯಂತ್ರವೇ ಆಗಬೇಕು. ಅದರಲ್ಲಿ ಡಿಬಗ್ ಎಂಬ ಪುಟ್ಟ ಪ್ರೋಗ್ರಾಮಿದೆ. ಅದರೊಳಗೆ ಹೋಗಿ ಇಂಗ್ಲಿಷಿನ ಓ ಅಕ್ಷರ, 378, ಎಫ್‌ಎಫ್ (ಹದಿನಾರರ ಲೆಕ್ಕದ 255) ಎಂದು ಟೈಪ್ ಮಾಡಿದರೆ ಎಂಟೂ ದೀಪ ಹತ್ತುತ್ತವೆ. ಐ ಅಕ್ಷರ, 379 (ಅದೇ 889) ಎಂದರೆ ಬಟನ್ನು ಓದುತ್ತದೆ. ಪ್ರೋಗ್ರಾಮ್ ಬರೆಯುವುದೂ ಬೇಡ. ಜಿಡಬ್ಲ್ಯು ಬೇಸಿಕ್ಕಿನ ಮೂಲವನ್ನು ಮೈಕ್ರೋಸಾಫ್ಟೇ 2020ರಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿತು. ಲಿನಕ್ಸ್ ಬಳಸುವವರು ರೂಟ್ (ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಿ, ಐಒಪರ್ಮ್ ಎಂಬ ಕರೆಯಿಂದ ಅನುಮತಿ ಪಡೆದು, ಔಟ್‌ಬಿ ಬಳಸಬಹುದು. ಒಂದು ಎಚ್ಚರ ಇರಲಿ. ಟರ್ಬೊ ಸಿಯಲ್ಲಿ ಮೊದಲು ಪೋರ್ಟು, ಆಮೇಲೆ ಕಳಿಸುವ ಸಂಖ್ಯೆ. ಲಿನಕ್ಸಿನಲ್ಲಿ ಉಲ್ಟಾ, ಮೊದಲು ಸಂಖ್ಯೆ, ಆಮೇಲೆ ಪೋರ್ಟು. ಹಳೇ ಪ್ರೋಗ್ರಾಮನ್ನು ಹಾಗೇ ತಂದು ಹಾಕಿದವರು ದೀಪ ಹತ್ತಲಿಲ್ಲ ಎಂದು ವೈರುಗಳನ್ನೆಲ್ಲ ಬಿಚ್ಚಿ ನೋಡುತ್ತಾ ಕೂರುತ್ತಾರೆ.

ಎಸ್.ಪಿ. ರೋಡಿನ ವಿಷಯ ಎರಡು ಮಾತು. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಎಂದು ಒಂದು ಕೇಬಲ್ ಮಾರುತ್ತಾರೆ. ಈ ಕೆಲಸಕ್ಕೆ ಅದು ದಂಡ. ಅದು ಪ್ರಿಂಟರಿನ ಜೊತೆ ಮಾತ್ರ ಮಾತಾಡುತ್ತದೆ, 888 ಎಂಬ ವಿಳಾಸ ಅದಕ್ಕಿಲ್ಲ. ಪಿಸಿಐ ಸ್ಲಾಟಿಗೆ ಹಾಕುವ ಕಾರ್ಡು ನಡೆಯುತ್ತದೆ, ಆದರೆ ವಿಳಾಸ ಬೇರೆ ಬರುತ್ತದೆ, ಹುಡುಕಿಕೊಳ್ಳಬೇಕು. ಇನ್ನು, ಯಂತ್ರದ ಬೆನ್ನಲ್ಲಿ ಗುಲಾಬಿ ಸಾಕೆಟ್ಟು ಇಲ್ಲ ಎಂದ ಮಾತ್ರಕ್ಕೆ ಕೈಬಿಡಬೇಡಿ. ಮುಚ್ಚಳ ತೆಗೆದು ನೋಡಿ. ಎಷ್ಟೋ ಮದರ್‌ಬೋರ್ಡುಗಳ ಮೇಲೆ ಎಲ್‌ಪಿಟಿ ಎಂದು ಬರೆದು ಎರಡು ಸಾಲು ಪಿನ್ನು ಬಿಟ್ಟಿರುತ್ತಾರೆ. ಪೋರ್ಟು ಒಳಗೆ ಇದೆ, ಹೊರಗೆ ತರುವ ಪಟ್ಟಿ ವೈರು ಮಾತ್ರ ಕೊಟ್ಟಿಲ್ಲ. ಅದಕ್ಕೊಂದು ಕೇಬಲ್ ಸಿಕ್ಕರೆ ಮುಗಿಯಿತು.

"ಆರ್ಡುಯಿನೊ ಇದೆಯಲ್ಲ, ಈ ಹಳೇ ಪೆಟ್ಟಿಗೆ ಯಾಕೆ?" ಎಂದು ನನ್ನ ಸೊಸೆ ಕೇಳುತ್ತಾಳೆ. ಅವಳು ಸಾಫ್ಟ್‌ವೇರಿನಲ್ಲಿದ್ದಾಳೆ, ಕೇಳುವುದು ಸರಿಯೇ. ಆರ್ಡುಯಿನೊ ಅಗ್ಗ, ಸುಟ್ಟರೂ ಕಂಪ್ಯೂಟರ್ ಉಳಿಯುತ್ತದೆ. 2016ರಿಂದ ಶಾಲೆಗಳಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬುಗಳಲ್ಲಿ ಅಂಥ ಬೋರ್ಡುಗಳನ್ನು ಆರನೇ ಕ್ಲಾಸಿನ ಮಕ್ಕಳೂ ಮುಟ್ಟುತ್ತಿದ್ದಾರೆ, ಸಂತೋಷ. ಹಳೇ ಪಿಸಿ ಸಿಗದವರು ಅದನ್ನೇ ಬಳಸಲಿ. ನನ್ನ ತಕರಾರು ಎರಡು. ಒಂದು, ಬೋರ್ಡು ಬೇರೆಯಾದ ಕೂಡಲೇ ಮಗು ಅದನ್ನು ದೀಪ ಹತ್ತಿಸುವ ಸಾಮಾನು ಎಂದುಕೊಳ್ಳುತ್ತದೆ. ಯೂಟ್ಯೂಬ್ ನೋಡುವ, ಹೋಂವರ್ಕ್ ಮಾಡುವ ಮನೆಯ ಕಂಪ್ಯೂಟರ್ ಮಾತ್ರ ಮುಚ್ಚಿದ ಡಬ್ಬವಾಗಿಯೇ ಉಳಿಯುತ್ತದೆ. ಅದರೊಳಗೂ ಇಂಥವೇ ತಂತಿಗಳಿವೆ ಎಂಬುದು ತಲೆಗೆ ಹೋಗುವುದೇ ಇಲ್ಲ.

ಎರಡು, ಆರ್ಡುಯಿನೊದಲ್ಲೂ ಪೋರ್ಟನ್ನು ಯಾರೂ ತೋರಿಸುತ್ತಿಲ್ಲ. ಡಿಜಿಟಲ್‌ರೈಟ್ ಎಂದು ಬರೆದು ಮುಗಿಸುತ್ತಾರೆ. ಇಲ್ಲವೇ ಬಣ್ಣಬಣ್ಣದ ಇಟ್ಟಿಗೆಗಳನ್ನು ಪರದೆ ಮೇಲೆ ಜೋಡಿಸುತ್ತಾರೆ. ಉನೊ ಬೋರ್ಡಿನ 13ನೇ ಪಿನ್ನು ನಿಜವಾಗಿ ಪೋರ್ಟ್ ಬಿಯ ಐದನೇ ಬಿಟ್ಟು, ಸೊನ್ನೆಯಿಂದ ಎಣಿಸಿದರೆ. ದಿಕ್ಕು ಹೇಳುವ ಡಿಡಿಆರ್‌ಬಿಗೆ 32 ಬರೆದರೆ ಆ ತಂತಿ ಹೊರಮುಖ, ಪೋರ್ಟ್‌ಬಿಗೆ 32 ಬರೆದರೆ ದೀಪ. ಬಿಬಿಸಿ ಮೈಕ್ರೋದಲ್ಲಿ ಕಂಡ ಅದೇ ಎರಡು ಹೆಜ್ಜೆ. ಡಿಜಿಟಲ್‌ರೈಟಿಗೆ ಹತ್ತಾರು ಕ್ಲಾಕ್ ಸೈಕಲ್ ಬೇಕು, ನೇರ ಬರೆದರೆ ಒಂದೆರಡು ಸಾಕು. ಮಕ್ಕಳಿಗೆ ವೇಗ ಮುಖ್ಯ ಅಲ್ಲ ಎನ್ನಬಹುದು. ಸರಿ. ಆದರೆ ಎಂಟು ತಂತಿಗೆ ಒಂದೇ ಸಂಖ್ಯೆ ಸಾಕು, 170 ಎಂದರೆ ಒಂದು ಬಿಟ್ಟು ಒಂದು ದೀಪ, 85 ಎಂದರೆ ಉಳಿದವು ಎಂದು ಕಂಡ ದಿನ ಎರಡರ ಲೆಕ್ಕ ಪರೀಕ್ಷೆಗೆ ಉರುಹೊಡೆಯುವ ವಿಷಯವಾಗಿ ಉಳಿಯುವುದಿಲ್ಲ. ಅದಕ್ಕೆ ಒಂದು ಪೀರಿಯಡ್ ಸಾಕು. ಸಾವಿರಾರು ರೂಪಾಯಿ ತೆಗೆದುಕೊಳ್ಳುವ ಕೋಡಿಂಗ್ ಕ್ಲಾಸುಗಳು ಆ ಒಂದು ಪೀರಿಯಡ್ ಕೊಡಬಾರದೇ? ಆ ಇಟ್ಟಿಗೆ ಜೋಡಿಸಿ ಪರದೆ ಮೇಲೆ ಬೆಕ್ಕನ್ನು ಓಡಿಸಿದ್ದು ಸಾಕು.

ಕಾಲೇಜುಗಳಿಗೆ ನನ್ನ ಮನವಿ ಇಷ್ಟೇ. ಸ್ಕ್ರ್ಯಾಪ್ ಹರಾಜಿನ ಪಟ್ಟಿ ಮಾಡುವಾಗ ಲ್ಯಾಬಿನವರನ್ನು ಒಂದು ಮಾತು ಕೇಳಿ. ಪಟ್ಟಿ ಮಾಡುವುದು ಆಫೀಸು, ಅವರಿಗೆ ಅದು ವರ್ಷಗಳಷ್ಟು ಹಳೆಯದಾದ ಒಂದು ಸ್ಟಾಕ್ ನಂಬರು, ಅಷ್ಟೇ. ಎರಡು ಯಂತ್ರ ತೆಗೆದಿಡಿ, ಒಂದು ಕೆಟ್ಟರೆ ಇನ್ನೊಂದರ ಬಿಡಿಭಾಗ ಬೇಕಾಗುತ್ತದೆ. ಇಂಟರ್‌ನೆಟ್ಟಿಗೆ ಸಿಕ್ಕಿಸಬೇಡಿ. ಬೀರುವಿನಲ್ಲಿರುವ ಸ್ಟೆಪರ್ ಮೋಟಾರನ್ನು ಹೊರಗೆ ತೆಗೆಯಿರಿ. ಸಿಮ್ಯುಲೇಟರ್ ಬೇಡ ಎನ್ನುತ್ತಿಲ್ಲ, ಮನೆಯಲ್ಲಿ ಅಭ್ಯಾಸಕ್ಕೆ ಚೆನ್ನಾಗಿದೆ. ಪರೀಕ್ಷೆಯ ದಿನ ಮಾತ್ರ ನಿಜವಾದ ಮೋಟಾರು ಸುತ್ತಲಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳು ಹಿಡಿ ತಿರುಗಿಸಿ, ಗುಂಡಿ ಒತ್ತಿ ನೋಡುವ ಮಾದರಿಗಳಿಗೆ ಎಷ್ಟು ನೂಕುನುಗ್ಗಲು ಎಂದು ಎಲ್ಲರಿಗೂ ಗೊತ್ತು. ಅಂಥ ಕಡೆ ಎಂಟು ದೀಪ, ಒಂದು ಕೀಬೋರ್ಡು ಇಟ್ಟು 0ಯಿಂದ 255ರವರೆಗೆ ಯಾವ ಸಂಖ್ಯೆ ಬೇಕಾದರೂ ಒತ್ತಿ ನೋಡಿ ಎಂದು ಬಿಟ್ಟರೆ ಸಾಲು ನಿಲ್ಲುತ್ತದೆ ಎಂದು ನನಗೆ ಅನುಮಾನವೇ ಇಲ್ಲ.

ತಂದೆ ತಾಯಂದಿರು ಶಾಕ್ ಹೊಡೆಯುತ್ತದಾ ಎಂದು ಕೇಳುತ್ತಾರೆ. 5 ವೋಲ್ಟಿಗೆ ಏನೂ ಆಗುವುದಿಲ್ಲ. ಮಕ್ಕಳು ಎಲ್‌ಇಡಿ, ಬಟನ್, ಆಟಿಕೆಯ ಸಣ್ಣ ಮೋಟಾರಿನಲ್ಲೇ ಇರಲಿ. ಆ ಮೋಟಾರಿಗೂ ಡ್ರೈವರ್ ಐಸಿ, ಬೇರೆ ಬ್ಯಾಟರಿ ಬೇಕು. 230 ವೋಲ್ಟಿನ ರಿಲೇ, ಸಂಪಿನ ಪಂಪು ಇವನ್ನೆಲ್ಲ ತಿಳಿದ ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮುಟ್ಟಬಾರದು. ಕಂಪ್ಯೂಟರಿನ ಹಿತಕ್ಕೂ ಒಂದು ಮಾತು. ಪೋರ್ಟಿನ ಪಿನ್ನಿಗೆ ಹೊರಗಿನಿಂದ 12 ವೋಲ್ಟು ತಗುಲಿಸಬೇಡಿ. ಮೊದಲಾದರೆ ಪ್ರಿಂಟರ್ ಕಾರ್ಡು ಬೇರೆ ಇತ್ತು, ಸುಟ್ಟರೆ ಇನ್ನೊಂದು ಹಾಕುತ್ತಿದ್ದೆವು. ಆಮೇಲಿನ ಯಂತ್ರಗಳಲ್ಲಿ ಪೋರ್ಟು ಮದರ್‌ಬೋರ್ಡಿನ ಚಿಪ್ಪಿನೊಳಗೇ ಇದೆ, ಸುಟ್ಟರೆ ಎಷ್ಟೋ ಸಲ ಬೋರ್ಡೇ ಹೋಗುತ್ತದೆ. ಪ್ಲಗ್ಗನ್ನು ಕಂಪ್ಯೂಟರ್ ಆಫ್ ಮಾಡಿಯೇ ಸಿಕ್ಕಿಸಿ.

ಎಸ್.ಪಿ. ರೋಡಿನಲ್ಲಿ ಕೇಳಬೇಕಾದದ್ದು: ಡಿಬಿ-25 ಮೇಲ್ ಕನೆಕ್ಟರ್ ಒಂದು, ಎಂಟು ಎಲ್‌ಇಡಿ, ಎಂಟು 1ಕೆ ರೆಸಿಸ್ಟರು, ಒಂದು ಪುಶ್ ಬಟನ್, ಒಂದಿಷ್ಟು ವೈರು. ಸೋಲ್ಡರ್ ಮಾಡಲು ಬರದಿದ್ದರೆ ಅಲ್ಲೇ ಕೆಲವು ಅಂಗಡಿಯವರು ಮಾಡಿಕೊಡುತ್ತಾರೆ. ಎಲ್‌ಇಡಿಯ ಉದ್ದ ಕಾಲು ರೆಸಿಸ್ಟರಿನ ಕಡೆಗೆ, ಗಿಡ್ಡ ಕಾಲು ಗ್ರೌಂಡಿಗೆ. ಎಲ್ಲಾ ಸರಿ ಇದ್ದೂ ದೀಪ ಹತ್ತದಿದ್ದರೆ ಬಯೋಸ್ ಸೆಟಪ್ಪಿಗೆ ಹೋಗಿ ಪೋರ್ಟಿನ ವಿಳಾಸ 378 ಇದೆಯೋ 278 ಇದೆಯೋ ನೋಡಿ. ಕೆಲವು ಆಫೀಸಿನ ಯಂತ್ರಗಳಲ್ಲಿ ಪೋರ್ಟನ್ನು ಡಿಸೇಬಲ್ ಮಾಡಿಟ್ಟಿರುತ್ತಾರೆ.

ಇತಿ,
ಒಬ್ಬ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್
ಹನುಮಂತನಗರ, ಬೆಂಗಳೂರು